ಗಡಿಸೀಮೆಯಲ್ಲಿ ದೂರದರ್ಶನ: ರಾಯದುರ್ಗ, ಮಡಕಶಿರಾ

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಉದಯಿಸಿದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅತ್ತ ಸೇರಿದವು. ಅವುಗಳಲ್ಲಿ ರಾಯದುರ್ಗವು ಅನಂತಪುರ ಜಿಲ್ಲೆಯ ಪಾಲಾಯಿತು. ನೊಳಂಬರ ರಾಜಧಾನಿ ಹೆಂಜೇರು, ಅಂದರೆ ಇಂದಿನ ಹೇಮಾವತಿ, ಇರುವ ಮಡಕಶಿರಾ ಸೀಮೆ ಅದಕ್ಕೂ ಮೊದಲೇ ಆ ಜಿಲ್ಲೆಯಲ್ಲಿತ್ತು. ನೆಲದ ಈ ಹಂಚಿಕೆಯ ಬಗ್ಗೆ ನಾವು ಸಾಕಷ್ಟು ಬರೆದಿದ್ದೇವೆ. ಆಕಾಶದ ಹಂಚಿಕೆಯ ಬಗ್ಗೆ ಬರೆದದ್ದು ಕಡಿಮೆ.

1975ರ ಆಗಸ್ಟಿನಿಂದ ಒಂದು ವರ್ಷ, ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೆಲಿವಿಷನ್ ಬಂತು. ಅದೇ ‘ಸೈಟ್’ ಪ್ರಯೋಗ. ಕನ್ನಡವೂ ತೆಲುಗೂ ಒಂದೇ ಉಪಗ್ರಹದಿಂದ ಇಳಿದವು. ಕರ್ನಾಟಕದ ಪಾಲಿಗೆ ವಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳನ್ನು ಆರಿಸಲಾಗಿತ್ತು. ಎರಡು ನುಡಿಗಳೂ ಒಂದೇ ಬೀದಿಯಲ್ಲಿ ಕೇಳುವ ಅನಂತಪುರ ಮಾತ್ರ ಪಟ್ಟಿಯಲ್ಲಿರಲಿಲ್ಲ. ಈ ಪ್ರಯೋಗಕ್ಕೆ ಇದಕ್ಕಿಂತ ತಕ್ಕ ನೆಲ ಬೇರೆ ಯಾವುದಿತ್ತೋ!

ಅನಂತರ ಬಂದದ್ದು ಗೋಪುರಗಳ ಕಾಲ. ಪ್ರತಿ ಗೋಪುರಕ್ಕೂ ಏಳು ಮೆಗಾಹರ್ಟ್ಸ್ ಅಗಲದ ಒಂದು ಚಾನೆಲ್ ಕೊಡಬೇಕು. ಹತ್ತಿರದ ಎರಡು ಗೋಪುರಗಳಿಗೆ ಒಂದನ್ನೇ ಕೊಟ್ಟರೆ ಚಿತ್ರಗಳು ಒಂದರ ಮೇಲೊಂದು ಬೀಳುತ್ತವೆ. ಆದ್ದರಿಂದ ಎಂಜಿನಿಯರರು ದೂರ, ಎತ್ತರ, ಶಕ್ತಿಗಳನ್ನು ಅಳೆದು ಹಂಚುತ್ತಿದ್ದರು. ಅಲ್ಲಿ ರಾಜ್ಯದ ಗಡಿಗೆ ಬೆಲೆಯಿಲ್ಲ. ತರಂಗವು ಮೊಳಕಾಲ್ಮೂರನ್ನೂ ರಾಯದುರ್ಗವನ್ನೂ ಬೇರೆಯೆಂದು ಅರಿಯದು. ಗಡಿ ಪ್ರವೇಶಿಸುವುದು ಮುಂದಿನ ಪ್ರಶ್ನೆಯಲ್ಲಿ: ಆ ಗೋಪುರದಿಂದ ಯಾವ ಕೇಂದ್ರದ ಕಾರ್ಯಕ್ರಮ? ದೆಹಲಿಯ ರಾಷ್ಟ್ರೀಯ ಕಾರ್ಯಕ್ರಮ ಎಲ್ಲರಿಗೂ ಒಂದೇ. ಪ್ರಾದೇಶಿಕ ಹೊತ್ತು ಮಾತ್ರ ರಾಜಧಾನಿಯದು: ಆಂಧ್ರದ ಗೋಪುರಕ್ಕೆ ಹೈದರಾಬಾದು, ಕರ್ನಾಟಕದ ಗೋಪುರಕ್ಕೆ ಬೆಂಗಳೂರು. ಹೀಗೆ 1953ರ ಗೆರೆಯನ್ನು ಆಕಾಶದಲ್ಲಿ ಇನ್ನೊಮ್ಮೆ ಎಳೆದಂತಾಯಿತು. ಕನ್ನಡ ಬೇಕೆಂಬ ಮನೆಯವರಿಗೆ ಉಳಿದ ದಾರಿ ಒಂದೇ: ಮಾಳಿಗೆಯ ಆಂಟೆನಾವನ್ನು ಕರ್ನಾಟಕದ ಕಡೆ ತಿರುಗಿಸಿ, ಬೂಸ್ಟರ್ ಹಾಕಿ, ಸಿಕ್ಕಷ್ಟು ನೋಡುವುದು.

ಕೇಬಲ್ ಬಂದ ಮೇಲಾದರೂ ಗೆರೆ ಅಳಿಯಬೇಕಿತ್ತು. 1995ರ ಕೇಬಲ್ ಕಾಯ್ದೆಗೆ 2000ದಲ್ಲಿ ತಿದ್ದುಪಡಿ ತಂದು, ದೂರದರ್ಶನದ ಎರಡು ವಾಹಿನಿಗಳ ಜೊತೆಗೆ ರಾಜ್ಯವೊಂದರ ಪ್ರಾದೇಶಿಕ ಭಾಷೆಯ ವಾಹಿನಿಯೊಂದನ್ನೂ ಕಡ್ಡಾಯಗೊಳಿಸಲಾಯಿತು. ಕಾಯ್ದೆಯ ಎಣಿಕೆ ರಾಜ್ಯದ ಲೆಕ್ಕದ್ದು. ತಾಲ್ಲೂಕಿನಲ್ಲಿ ಯಾವ ಮಾತು ಎಂಬುದನ್ನು ಅದು ಕೇಳಲಿಲ್ಲ. ಕನ್ನಡ ವಾಹಿನಿ ಬಂದರೆ ಅದು ಗಿರಾಕಿಗಳ ಬೇಡಿಕೆಯಿಂದ, ಹಕ್ಕಿನಿಂದಲ್ಲ.

ಈಗ ಕೊಡೆಯಂಥ ತಟ್ಟೆಯೊಂದಿದ್ದರೆ ‘ಚಂದನ’ ಉಚಿತವಾಗಿಯೇ ಸಿಗುತ್ತದೆ. ಕೊರತೆ ಬೇರೆ ಬಗೆಯದು. ಅಗಳಿ, ರೊಳ್ಳದ ರೈತನಿಗೆ ಬೆಂಗಳೂರಿನ ವಾಹಿನಿ ಕನ್ನಡದಲ್ಲಿ ತಿಳಿಸುವುದು ಕರ್ನಾಟಕದ ಯೋಜನೆಗಳನ್ನು. ಅವು ಅವನಿಗೆ ಅನ್ವಯಿಸುವುದಿಲ್ಲ. ಅವನಿಗೆ ಅನ್ವಯಿಸುವ ಬೆಳೆವಿಮೆ, ಪಿಂಚಣಿ, ಶಾಲೆಯ ಆದೇಶಗಳ ಸುದ್ದಿ ತೆಲುಗಿನಲ್ಲಿ ಬರುತ್ತದೆ. 2022ರ ಏಪ್ರಿಲ್‌ನಲ್ಲಿ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿ ರಾಯದುರ್ಗದಿಂದಲೂ ಬೇರೆಯಾಯಿತು. ಆ ಸುದ್ದಿಯನ್ನೂ ಅಲ್ಲಿನ ಕನ್ನಡಿಗರು ತೆಲುಗು ವಾಹಿನಿಗಳಲ್ಲೇ ವಿವರವಾಗಿ ಕೇಳಬೇಕಿತ್ತು.