ಮಾನವಶಾಸ್ತ್ರದ ಸ್ನಾತಕೋತ್ತರ ಅಧ್ಯಯನ: ಶಾಖೆಗಳು, ಕ್ಷೇತ್ರಕಾರ್ಯ ಮತ್ತು ಪದವಿಗಳು

ಮನುಷ್ಯನನ್ನು ಜೀವಿಯಾಗಿಯೂ ಸಮಾಜದ ಸದಸ್ಯನಾಗಿಯೂ ಒಟ್ಟಿಗೆ ಅಭ್ಯಸಿಸುವ ಶಾಸ್ತ್ರವೇ ಮಾನವಶಾಸ್ತ್ರ. ಪದವಿ ಹಂತದಲ್ಲಿ ಇದನ್ನು ಬೋಧಿಸುವ ಕಾಲೇಜುಗಳು ನಮ್ಮಲ್ಲಿ ವಿರಳ. ಆದ್ದರಿಂದ ಇತಿಹಾಸ, ಸಮಾಜಶಾಸ್ತ್ರ, ಪ್ರಾಣಿಶಾಸ್ತ್ರಗಳನ್ನು ಓದಿ ಬಂದ ಬಹುಪಾಲು ವಿದ್ಯಾರ್ಥಿಗಳಿಗೆ ಈ ಶಾಸ್ತ್ರದ ಮೊದಲ ಪರಿಚಯವಾಗುವುದೇ ಸ್ನಾತಕೋತ್ತರ ತರಗತಿಯಲ್ಲಿ. ಇತರ ಸಮಾಜವಿಜ್ಞಾನಗಳಿಂದ ಇದನ್ನು ಬೇರ್ಪಡಿಸುವುದು ಪಠ್ಯಪುಸ್ತಕವಲ್ಲ, ಕ್ಷೇತ್ರಕಾರ್ಯ. ಅಧ್ಯಯನಕ್ಕೆ ಒಳಗಾಗುವ ಜನರ ನಡುವೆ ವಾಸಮಾಡಿ, ಕಂಡದ್ದನ್ನೂ ಕೇಳಿದ್ದನ್ನೂ ಅಂದಂದೇ ಬರೆದಿಡುವ ತರಬೇತಿ ಪಡೆಯದವನನ್ನು ಈ ಶಾಸ್ತ್ರ ತನ್ನವನೆಂದು ಒಪ್ಪುವುದಿಲ್ಲ.

ವಿಶ್ವವಿದ್ಯಾಲಯಗಳಿಗೆ ಈ ವಿಷಯ ಬಂದದ್ದು ತಡವಾಗಿ. ಆಕ್ಸ್‌ಫರ್ಡ್‌ನಲ್ಲಿ ಎಡ್ವರ್ಡ್ ಟೈಲರ್ ಮಾನವಶಾಸ್ತ್ರದ ರೀಡರ್ ಆಗಿ ನೇಮಕಗೊಂಡದ್ದು 1884ರಲ್ಲಿ. ಅಮೆರಿಕದಲ್ಲಿ ಈ ವಿಷಯದ ಮೊದಲ ಪಿಎಚ್.ಡಿ. ಪದವಿಯನ್ನು 1892ರಲ್ಲಿ ಕ್ಲಾರ್ಕ್ ವಿಶ್ವವಿದ್ಯಾಲಯ ನೀಡಿತು. ಮಾರ್ಗದರ್ಶಕರು ಫ್ರಾಂಜ್ ಬೋಆಸ್. ಭಾರತದಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯ 1920ರಲ್ಲಿ ಅಶುತೋಷ್ ಮುಖರ್ಜಿಯವರ ಆಸಕ್ತಿಯಿಂದ ಇದನ್ನು ಸ್ನಾತಕೋತ್ತರ ವಿಷಯವನ್ನಾಗಿ ಅಳವಡಿಸಿಕೊಂಡಿತು. ಆ ವಿಭಾಗವನ್ನು ಆರಂಭದ ವರ್ಷಗಳಲ್ಲಿ ನಡೆಸಿದ ಎಲ್.ಕೆ. ಅನಂತಕೃಷ್ಣ ಅಯ್ಯರ್ ಅವರಿಗೆ ಕನ್ನಡನಾಡಿನ ನಂಟೂ ಇದೆ. ಮೈಸೂರು ವಿಶ್ವವಿದ್ಯಾಲಯದ ಮೊದಲ ಕುಲಪತಿ ಎಚ್.ವಿ. ನಂಜುಂಡಯ್ಯನವರು ಆರಂಭಿಸಿ, ಪೂರ್ಣಗೊಳಿಸುವ ಮುನ್ನವೇ 1920ರಲ್ಲಿ ನಿಧನರಾದ ಮೈಸೂರು ಸಂಸ್ಥಾನದ ಬುಡಕಟ್ಟು ಮತ್ತು ಜಾತಿಗಳ ಸಮೀಕ್ಷೆಯನ್ನು ನಾಲ್ಕು ಸಂಪುಟಗಳಲ್ಲಿ ಮುಗಿಸಿಕೊಟ್ಟವರು ಅವರೇ.

ನಾಲ್ಕು ಶಾಖೆಗಳು

ಬೋಆಸ್ ಪರಂಪರೆಯ ಅಮೆರಿಕದ ವಿಭಾಗಗಳು ಸಾಂಸ್ಕೃತಿಕ ಮಾನವಶಾಸ್ತ್ರ, ದೈಹಿಕ ಮಾನವಶಾಸ್ತ್ರ, ಪುರಾತತ್ವ, ಭಾಷಿಕ ಮಾನವಶಾಸ್ತ್ರ ಎಂಬ ನಾಲ್ಕನ್ನೂ ಒಂದೇ ಸೂರಿನಡಿ ಇರಿಸಿಕೊಂಡವು. ಬ್ರಿಟನ್ನಿನಲ್ಲಿ ಸಾಮಾಜಿಕ ಮಾನವಶಾಸ್ತ್ರವೇ ಪ್ರಧಾನವಾಯಿತು. ಭಾರತದ ವಿಭಾಗಗಳು ಸಾಮಾಜಿಕ ಮತ್ತು ದೈಹಿಕ ಶಾಖೆಗಳನ್ನು ಮುಖ್ಯವಾಗಿ ಉಳಿಸಿಕೊಂಡು, ಪ್ರಾಗಿತಿಹಾಸಕ್ಕೆ ಒಂದೆರಡು ಪತ್ರಿಕೆಗಳನ್ನು ಮೀಸಲಿಟ್ಟವು. ಕೆಲವೆಡೆ ಎಂ.ಎ., ಕೆಲವೆಡೆ ಎಂ.ಎಸ್ಸಿ. ಎಂದು ಪದವಿಯ ಹೆಸರು ಬದಲಾಗುವುದು ಈ ವಿಷಯದ ಇಬ್ಬಂದಿ ಸ್ವರೂಪದಿಂದಲೇ. ಪ್ರವೇಶಕ್ಕೆ ಮುನ್ನ ಹೆಸರಿಗಿಂತ ಪಠ್ಯಕ್ರಮವನ್ನು ನೋಡುವುದು ಲೇಸು.

ದೈಹಿಕ ಮಾನವಶಾಸ್ತ್ರದ ವಿದ್ಯಾರ್ಥಿ ಅಸ್ಥಿಗಳನ್ನು ಗುರುತಿಸುವುದು, ದೇಹದ ಅಳತೆ, ಆನುವಂಶಿಕತೆ, ಮಾನವ ವಿಕಾಸ ಇವುಗಳನ್ನು ಪ್ರಯೋಗಾಲಯದಲ್ಲಿ ಕಲಿಯುತ್ತಾನೆ. ತಲೆಬುರುಡೆ, ಮೂಗುಗಳ ಅಳತೆಯಿಂದ ಜನರ ಮೇಲು-ಕೀಳನ್ನು ನಿರ್ಧರಿಸಲು ಹೊರಟ ಕಳಂಕವೂ ಈ ಶಾಖೆಯ ಚರಿತ್ರೆಯಲ್ಲಿದೆ. ಇರಾವತಿ ಕರ್ವೆ 1920ರ ದಶಕದ ಕೊನೆಯಲ್ಲಿ ಬರ್ಲಿನ್‌ನಲ್ಲಿ ಸಂಶೋಧನೆಗೆ ಸೇರಿದಾಗ ಅವರ ಮಾರ್ಗದರ್ಶಕರಾಗಿದ್ದವರು ಜನಾಂಗವಾದಿ ಓಯ್ಗನ್ ಫಿಶರ್. ತಲೆಬುರುಡೆಯ ಅಸಮತೆಗೂ ಜನಾಂಗದ ಶ್ರೇಷ್ಠತೆಗೂ ಸಂಬಂಧವಿದೆಯೆಂಬುದು ಫಿಶರ್ ಅವರ ಊಹೆ. ಅಳತೆಗಳು ಅದನ್ನು ಸಮರ್ಥಿಸುವುದಿಲ್ಲವೆಂದು ಕರ್ವೆ ಬರೆದರು. ಗುರುವಿನ ಮತಕ್ಕಿಂತ ಸಾಮಗ್ರಿಯನ್ನು ನಂಬಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯಲಾರದು.

ಕರ್ವೆ ಮುಂದೆ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ನೆಲೆಸಿದರು. ಅಲ್ಲಿ ಎಚ್.ಡಿ. ಸಾಂಕಳಿಯಾ ಅವರ ಪುರಾತತ್ವ ಶಾಲೆಯೂ ಬೆಳೆಯಿತು. ಬಳ್ಳಾರಿ ಸೀಮೆಯ ಶಿಲಾಯುಗ ಸಂಸ್ಕೃತಿಗಳ ಮೇಲೆ ಬಿ. ಸುಬ್ಬರಾವ್ ನಡೆಸಿದ ಸಂಶೋಧನೆ, ಸುರಪುರ ಸೀಮೆಯ ಹುಣಸಗಿ ಕಣಿವೆಯಲ್ಲಿ ಕೆ. ಪದ್ದಯ್ಯ ಅವರು ದಶಕಗಳ ಕಾಲ ಮಾಡಿದ ಕೆಲಸ ಎರಡೂ ಈ ಸಂಸ್ಥೆಯದೇ. ಮಾನವಶಾಸ್ತ್ರದ ದೃಷ್ಟಿ ಪುರಾತತ್ವಕ್ಕೆ ಏನು ಕೊಡುತ್ತದೆಂಬುದಕ್ಕೆ ನವಶಿಲಾಯುಗದ ಬೂದಿದಿಬ್ಬಗಳೇ ಸಾಕ್ಷಿ. ಹಂಪಿಯ ಸಮೀಪದ ನಿಂಬಾಪುರದ ದಿಬ್ಬವನ್ನು ಜನರು ವಾಲಿಯ ಚಿತಾಭಸ್ಮವೆಂದು ನಂಬುತ್ತಾರೆ. ಅವು ದನದ ದೊಡ್ಡಿಗಳಲ್ಲಿ ಸಂಗ್ರಹವಾದ ಸಗಣಿ ಸುಟ್ಟು ಉಳಿದ ರಾಶಿಗಳೆಂದು ಉತ್ಖನನ ತೋರಿಸಿತು. ಅಂಥ ದೊಡ್ಡಿಗಳ ಬದುಕನ್ನು ಅರಿಯಲು ಎಫ್.ಆರ್. ಆಲ್ಚಿನ್ ಅವರಿಗೆ ಇಂದಿನ ಪಶುಪಾಲಕರ ರೂಢಿಗಳೂ ನೆರವಾದವು.

ಭಾಷಿಕ ಮಾನವಶಾಸ್ತ್ರಕ್ಕೆ ಭಾರತದಲ್ಲಿ ಸ್ಥಾನ ಕಡಿಮೆ. ಆದರೆ ಅದರ ಪ್ರಸಿದ್ಧ ಅಧ್ಯಯನಗಳಲ್ಲಿ ಕನ್ನಡವಿದೆ. ವಿಲಿಯಂ ಬ್ರೈಟ್ ‘ಇದೆ’ ಎನ್ನುವವರನ್ನೂ ‘ಐತೆ’ ಎನ್ನುವವರನ್ನೂ ಹೋಲಿಸಿ, ಜಾತಿಗೂ ಮಾತಿನ ಬದಲಾವಣೆಗೂ ಇರುವ ಸಂಬಂಧವನ್ನು 1960ರಲ್ಲಿ ಚರ್ಚಿಸಿದರು. ಸಾಂಗ್ಲಿ ಜಿಲ್ಲೆಯ ಕುಪವಾಡದಲ್ಲಿ ಕನ್ನಡ, ಮರಾಠಿ, ಉರ್ದು ಭಾಷೆಗಳ ಶಬ್ದಗಳು ಬೇರೆಯಾಗಿಯೇ ಉಳಿದು ವಾಕ್ಯರಚನೆ ಬಹುಮಟ್ಟಿಗೆ ಒಂದೇ ಆಗಿರುವುದನ್ನು ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದರು.

ಕ್ಷೇತ್ರಕಾರ್ಯ

ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ದೀರ್ಘಕಾಲ ವಾಸಿಸಿ, ಅಲ್ಲಿಯ ಭಾಷೆ ಕಲಿತು ಬ್ರೊನಿಸ್ಲಾವ್ ಮಲಿನೋವ್ಸ್ಕಿ 1922ರಲ್ಲಿ ಪ್ರಕಟಿಸಿದ ಗ್ರಂಥ ಕ್ಷೇತ್ರಕಾರ್ಯಕ್ಕೆ ಮಾದರಿಯಾಯಿತು. ಪಿಎಚ್.ಡಿ.ಗೆ ಸುಮಾರು ಒಂದು ವರ್ಷದ ಕ್ಷೇತ್ರವಾಸ ಎಂಬ ರೂಢಿ ಅಲ್ಲಿಂದ ಬೆಳೆಯಿತು. ಭಾರತದ ಎಂ.ಎ. ತರಗತಿಗಳಲ್ಲಿ ಇದು ಕೆಲವು ವಾರಗಳ ಗುಂಪುಪ್ರವಾಸಕ್ಕೂ ಒಂದು ಕಿರುಪ್ರಬಂಧಕ್ಕೂ ಇಳಿಯುವುದುಂಟು. ಮನೆಮನೆಯ ಪಟ್ಟಿ, ವಂಶಾವಳಿ, ಸಂದರ್ಶನ ಇಷ್ಟನ್ನು ಅಲ್ಲಿ ಕಲಿಯಬಹುದು. ಜನರ ವಿಶ್ವಾಸ ಗಳಿಸಲು ಆ ಅವಧಿ ಸಾಲದು.

ತರಬೇತಿಯ ಬೆಲೆ ಏನೆಂಬುದನ್ನು ಮೈಸೂರಿನವರೇ ಆದ ಎಂ.ಎನ್. ಶ್ರೀನಿವಾಸ್ (1916-1999) ಅವರ ವಿದ್ಯಾಜೀವನದಿಂದ ತಿಳಿಯಬಹುದು. ಮುಂಬಯಿಯಲ್ಲಿ ಜಿ.ಎಸ್. ಘುರ್ಯೆ ಅವರ ಮಾರ್ಗದರ್ಶನದಲ್ಲಿ ಅವರು ಕೊಡವರ ಕುರಿತು ಸಾಮಗ್ರಿ ಸಂಗ್ರಹಿಸಿ ಮಹಾಪ್ರಬಂಧ ಬರೆದಿದ್ದರು. 1945ರಲ್ಲಿ ಆಕ್ಸ್‌ಫರ್ಡಿಗೆ ಹೋದಾಗ ರ‍್ಯಾಡ್‌ಕ್ಲಿಫ್-ಬ್ರೌನ್ ಅದೇ ಸಾಮಗ್ರಿಯನ್ನು ಹೊಸ ದೃಷ್ಟಿಯಿಂದ ಮರುಪರಿಶೀಲಿಸುವಂತೆ ಸೂಚಿಸಿದರು. ಅದರ ಫಲವೇ ‘ಸಂಸ್ಕೃತೀಕರಣ’ದ ಪರಿಕಲ್ಪನೆಯನ್ನು ಚರ್ಚೆಗೆ ತಂದ 1952ರ ಗ್ರಂಥ. ಅದೇ ಟಿಪ್ಪಣಿಗಳು, ಆದರೆ ಅವುಗಳಿಗೆ ಹಾಕಿದ ಪ್ರಶ್ನೆ ಬೇರೆಯಾಗಿತ್ತು.

1948ರಲ್ಲಿ ಅವರು ಮೈಸೂರು ಬಳಿಯ, ತಾವು ‘ರಾಂಪುರ’ ಎಂದು ಹೆಸರಿಟ್ಟ ಹಳ್ಳಿಯಲ್ಲಿ ನೆಲೆಸಿದರು. 1970ರ ಏಪ್ರಿಲ್‌ನಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧನಾ ಕೇಂದ್ರಕ್ಕೆ ದುಷ್ಕರ್ಮಿಗಳು ಬೆಂಕಿಯಿಟ್ಟಾಗ ಹದಿನೆಂಟು ವರ್ಷ ಶ್ರಮಿಸಿ ವರ್ಗೀಕರಿಸಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳು ಸುಟ್ಟುಹೋದವು. ನೆನಪನ್ನೇ ಆಧರಿಸಿ ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಹೊರಬಂತು. ಮೂರು ಪ್ರತಿಗಳನ್ನು ಒಂದೇ ಕಟ್ಟಡದಲ್ಲಿ ಇಡಬಾರದೆಂಬ ಪಾಠವನ್ನು ಸಂಶೋಧನಾ ವಿದ್ಯಾರ್ಥಿ ಇದರಿಂದ ಕಲಿಯಲೇಬೇಕು. ಅದಕ್ಕಿಂತ ಗಂಭೀರವಾದ ಇನ್ನೊಂದಿದೆ. ಹಳ್ಳಿಯ ಮುಖಂಡರ ಆಶ್ರಯದಲ್ಲಿದ್ದುದರಿಂದ ತಾವು ಊರನ್ನು ಮೇಲುಜಾತಿಗಳ ಕಣ್ಣಿನಿಂದ ನೋಡಿದ್ದಾಗಿ ಶ್ರೀನಿವಾಸ್ ಒಪ್ಪಿಕೊಂಡಿದ್ದಾರೆ. ದಲಿತರ ಕೇರಿಯಲ್ಲಿ ಬಿಡಾರ ಹೂಡಿದ್ದರೆ ಪುಸ್ತಕ ಬೇರೆಯಾಗುತ್ತಿತ್ತು. ಎಲ್ಲಿ ಉಳಿದುಕೊಳ್ಳಬೇಕು, ಯಾರ ಜೊತೆ ಊಟ ಮಾಡಬೇಕು ಎಂಬುವು ಕೇವಲ ಅನುಕೂಲದ ಪ್ರಶ್ನೆಗಳಲ್ಲವೆಂದು ಇಂದಿನ ತರಗತಿಗಳಲ್ಲಿ ಕಲಿಸುವುದು ಇದೇ ಕಾರಣಕ್ಕೆ.

ನೈತಿಕ ನಿಯಮಗಳು ರೂಪುಗೊಂಡದ್ದು ನಿಧಾನವಾಗಿ. ಸಂಶೋಧನೆಯ ಸೋಗಿನಲ್ಲಿ ಬೇಹುಗಾರಿಕೆ ನಡೆಸಿದವರನ್ನು ಬೋಆಸ್ 1919ರಲ್ಲಿ ಬಹಿರಂಗವಾಗಿ ಖಂಡಿಸಿದಾಗ ಅಮೆರಿಕದ ಮಾನವಶಾಸ್ತ್ರ ಸಂಘ ಛೀಮಾರಿ ಹಾಕಿದ್ದು ಬೇಹುಗಾರರಿಗಲ್ಲ, ಬೋಆಸರಿಗೆ! ಆ ನಿರ್ಣಯ ರದ್ದಾದದ್ದು 2005ರಲ್ಲಿ. ಅದೇ ಸಂಘ 1971ರಲ್ಲಿ ವೃತ್ತಿಧರ್ಮದ ತತ್ವಗಳನ್ನು ಅಂಗೀಕರಿಸಿ, ಅಧ್ಯಯನಕ್ಕೆ ಒಳಗಾಗುವ ಜನರ ಹಿತವೇ ಮೊದಲೆಂದು ಸಾರಿತ್ತು. ಮಾಹಿತಿ ನೀಡಿ ಸಮ್ಮತಿ ಪಡೆಯುವುದು, ಹೆಸರು ಮರೆಮಾಚುವುದು ಈಗ ಸಂಶೋಧನಾ ಪ್ರಸ್ತಾವದ ಅಂಗಗಳಾಗಿವೆ.

ಕರ್ನಾಟಕದಲ್ಲಿ ಅವಕಾಶ

ರಾಜ್ಯದಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಮತ್ತು ಮೈಸೂರು ವಿಶ್ವವಿದ್ಯಾಲಯಗಳು ಮಾನವಶಾಸ್ತ್ರ ವಿಭಾಗಗಳನ್ನು ಹೊಂದಿವೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಬುಡಕಟ್ಟು ಅಧ್ಯಯನ ವಿಭಾಗವಿದ್ದು, ಅಲ್ಲಿ ಸಂಶೋಧನೆಯ ಭಾಷೆ ಕನ್ನಡ. 1945ರಲ್ಲಿ ಸ್ಥಾಪನೆಯಾದ ಭಾರತೀಯ ಮಾನವಶಾಸ್ತ್ರ ಸಮೀಕ್ಷೆಯ ದಕ್ಷಿಣ ಪ್ರಾದೇಶಿಕ ಕೇಂದ್ರ ಮೈಸೂರಿನಲ್ಲಿದೆ. ಕೆ.ಎಸ್. ಸಿಂಗ್ ಅವರ ನೇತೃತ್ವದಲ್ಲಿ 1985ರಲ್ಲಿ ಆರಂಭವಾಗಿ ದೇಶದ 4,635 ಸಮುದಾಯಗಳನ್ನು ದಾಖಲಿಸಿದ ‘ಪೀಪಲ್ ಆಫ್ ಇಂಡಿಯಾ’ ಯೋಜನೆ ಈ ಸಂಸ್ಥೆಯದೇ.

ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆಯಲ್ಲಿ ಮಾನವಶಾಸ್ತ್ರ ಒಂದು ಐಚ್ಛಿಕ ವಿಷಯ. ಆ ಪರೀಕ್ಷೆಗೆಂದೇ ಇದನ್ನು ಓದುವವರು ಸಾಕಷ್ಟಿದ್ದಾರೆ. ಅದರಲ್ಲಿ ತಪ್ಪಿಲ್ಲವಾದರೂ, ಟಿಪ್ಪಣಿ ಪುಸ್ತಕಗಳಿಂದ ಕ್ಷೇತ್ರಕಾರ್ಯದ ಅನುಭವ ಬರಲಾರದು. ಸಂಶೋಧನೆಯನ್ನೇ ಬಯಸುವವರು ಗಮನಿಸಬೇಕಾದ ಬದಲಾವಣೆಯೊಂದಿದೆ: ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2022ರ ನಿಯಮಾವಳಿ ಎಂ.ಫಿಲ್. ಪದವಿಯನ್ನು ಕೈಬಿಟ್ಟಿದೆ. ಮೊದಲು ಕ್ಷೇತ್ರಕಾರ್ಯದ ಪೂರ್ವಾಭ್ಯಾಸಕ್ಕೆ ಒದಗುತ್ತಿದ್ದ ಆ ಅವಧಿ ಈಗಿಲ್ಲ. ಕನಿಷ್ಠ ಮೂರು ವರ್ಷಗಳ ಪಿಎಚ್.ಡಿ. ಅವಧಿಯೊಳಗೇ ಪಾಠಕ್ರಮ, ಜನರ ಭಾಷೆಯ ಕಲಿಕೆ, ಕ್ಷೇತ್ರವಾಸ, ಬರವಣಿಗೆ ಎಲ್ಲವೂ ನಡೆಯಬೇಕಾಗಿರುವುದರಿಂದ, ಕ್ಷೇತ್ರದ ಆಯ್ಕೆಯನ್ನೂ ಭಾಷೆಯ ಅಭ್ಯಾಸವನ್ನೂ ಎಂ.ಎ. ಕಿರುಪ್ರಬಂಧದ ಹಂತದಲ್ಲೇ ಆರಂಭಿಸುವುದು ಅನಿವಾರ್ಯವಾಗಿದೆ.