ಹದಿಹರೆಯದವರೂ ದಾದಿಯರೂ

1986ರಲ್ಲಿ ಮದರಾಸಿನಲ್ಲಿ ಡಾ. ಸುನೀತಿ ಸೊಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಅವರು ಭಾರತದಲ್ಲಿ ಎಚ್‌ಐವಿ ಸೋಂಕನ್ನು ಮೊತ್ತಮೊದಲು ಗುರುತಿಸಿದರು. ರೋಗಕ್ಕಿಂತ ಬೇಗನೆ ಹಬ್ಬಿದುದು ಭಯ. 1992ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವೂ 1997ರಲ್ಲಿ ಕರ್ನಾಟಕ ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿಯೂ ಆರಂಭವಾದವು. ಸೋಂಕು ಅಸುರಕ್ಷಿತ ಲೈಂಗಿಕ ಸಂಪರ್ಕ, ಸೋಂಕಿತ ರಕ್ತ, ಬಳಸಿದ ಸೂಜಿ ಹಾಗೂ ತಾಯಿಯಿಂದ ಮಗುವಿಗೆ ತಗಲುವುದೇ ಹೊರತು ಒಂದೇ ಪಂಕ್ತಿಯಲ್ಲಿ ಉಂಡರೆ ತಗಲದೆಂಬುದು ದಾದಿಯರ ತರಬೇತಿಯ ಮೊದಲ ಪಾಠ.

ಎರಡನೆಯ ಪಾಠ ಕಠಿನವಾದುದು: ಇದನ್ನು ಹದಿಹರೆಯದವರಿಗೆ ಸಂಕೋಚವಿಲ್ಲದೆ ತಿಳಿಸುವುದು. ಶಾಲೆಗಳಿಗಾಗಿ 2005ರಲ್ಲಿ ರೂಪುಗೊಂಡ ಹದಿಹರೆಯದ ಶಿಕ್ಷಣವು 2007ರಲ್ಲಿ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳಲ್ಲಿ ವಿವಾದಕ್ಕೆ ಸಿಲುಕಿ ನಿಂತಿತು. ತರಗತಿಯು ಮೌನ ತಾಳಿದಾಗ ದಾದಿಯ ಹೊಣೆ ಹೆಚ್ಚಿತು. 2014ರ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮವು 10ರಿಂದ 19 ವರ್ಷದವರಿಗೆ ಆಸ್ಪತ್ರೆಯಲ್ಲಿ ಆಪ್ತಸಮಾಲೋಚನೆಯ ಬಾಗಿಲು ತೆರೆಯಿತು.

ಕೊಡಗಿನಂತಹ ಎಲ್ಲರೂ ಎಲ್ಲರನ್ನು ಬಲ್ಲ ನಾಡಿನಲ್ಲಿ, ತೋಟದ ಲೈನ್‌ಮನೆಯ ಹುಡುಗನಿಗಾಗಲಿ ಓದಲು ಮೈಸೂರಿಗೆ ಹೋದ ಹುಡುಗಿಗಾಗಲಿ, 'ಯಾರಾದರೂ ಕಂಡಾರು' ಎಂಬ ಅಂಜಿಕೆಯೇ ದೊಡ್ಡ ತಡೆ. 2017ರ ಎಚ್‌ಐವಿ ಕಾಯಿದೆಯು ಗುಟ್ಟು ಕಾಯುವುದನ್ನು ಕರ್ತವ್ಯವನ್ನಾಗಿಸಿದೆ. 2005ರಲ್ಲಿ ಭಾರತದ ಕಥೋಲಿಕ ಬಿಷಪರ ಮಂಡಳಿಯೂ ಸೋಂಕಿತರನ್ನು ಕರುಣೆಯಿಂದ ಕಾಣುವ ನೀತಿಯನ್ನು ಪ್ರಕಟಿಸಿತು. ತೀರ್ಪು ನೀಡದೆ ಆಲಿಸುವ ದಾದಿಯ ಬಳಿಗೆ ಮಕ್ಕಳು ಬಂದಾರು. ಅವರನ್ನು ಕಳುಹಿಸುವ ಧೈರ್ಯ ನಮ್ಮ ಮನೆಗಳಲ್ಲಿ ಹುಟ್ಟಬೇಕು.