ಕಾವೇರಿ ತೀರದ ಸೈನಿಕ ಸಮಾಧಿಗಳು

ಚನ್ನಗಿರಿಯಲ್ಲಿ ಜನಿಸಿದ ಧೋಂಡಿಯಾ ವಾಘ್ ಶ್ರೀರಂಗಪಟ್ಟಣದ ಸೆರೆಯಿಂದ ಹೊರಬಿದ್ದುದು 1799ರ ಮೇ ತಿಂಗಳಲ್ಲಿ, ಟಿಪ್ಪೂ ಸುಲ್ತಾನರು ಮಡಿದು ಕೋಟೆಯು ಆಂಗ್ಲರ ವಶವಾದಾಗ. ಆ ಕೋಟೆಯ ಕಾವಲಿಗೆ ಉಳಿದ ಪರದೇಶೀಯರು ಏನಾದರೆಂಬುದನ್ನು ಅರಿಯಬಯಸುವ ನಮ್ಮೂರ ವಾಚಕರು ಅಲ್ಲಿನ ಗ್ಯಾರಿಸನ್ ಸ್ಮಶಾನವನ್ನು ಒಮ್ಮೆ ಸಂದರ್ಶಿಸಬೇಕು.

ಕಾವೇರಿಯ ದಡದಲ್ಲಿ, ಹೆದ್ದಾರಿಗೆ ಸಮೀಪದಲ್ಲಿಯೇ, ಸುಮಾರು 300 ಸಮಾಧಿಗಳಿವೆ. ಮಲಗಿರುವವರೆಲ್ಲರೂ ಆಂಗ್ಲರಲ್ಲ. ಇಂದಿನ ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್ ಪ್ರಾಂತದ ಕೌಂಟ್ ಡಿ ಮ್ಯೂರನ್ 1781ರಲ್ಲಿ ಡಚ್ಚರ ಕಂಪನಿಗಾಗಿ ಕಟ್ಟಿದ ಪಡೆಯು 1795ರಲ್ಲಿ ಸಿಂಹಳದಲ್ಲಿ ಆಂಗ್ಲರ ಸೇವೆಗೆ ಸೇರಿ, ಬಳಿಕ ಈ ಮುತ್ತಿಗೆಯಲ್ಲಿ ಹೋರಾಡಿತು. ಸಂಬಳಕ್ಕಾಗಿ ಅನ್ಯರ ಯುದ್ಧವನ್ನು ಕಾದ ಯುವಕರು! ಮುತ್ತಿಗೆಯಲ್ಲಿ ಬದುಕುಳಿದವರನ್ನೂ ದ್ವೀಪದ ಜ್ವರ ಬಿಡಲಿಲ್ಲ; ಹೆಂಡಿರು ಮಕ್ಕಳ ಸಮಾಧಿಗಳೂ ಇಲ್ಲಿವೆ. ಕಡೆಗೆ 1809ರಲ್ಲಿ ದಂಡು ಬೆಂಗಳೂರಿಗೆ ತೆರಳಿತು. ಬಹುಕಾಲ ಪಾಳುಬಿದ್ದಿದ್ದ ಕಲ್ಲುಗಳು ಡಿ ಮ್ಯೂರನ್ ವಂಶಸ್ಥರ ನೆರವಿನಿಂದ ಈ ಶತಮಾನದಲ್ಲಿ ಜೀರ್ಣೋದ್ಧಾರಗೊಂಡವು.

ಹತ್ತಿರದ ಗಂಜಾಮಿನಲ್ಲಿ ಅಬ್ಬೆ ದ್ಯುಬುವಾ ಸ್ವಾಮಿಗಳ ನೆನಪಿನ ದೇವಾಲಯವಿದೆ. ಯುದ್ಧಾನಂತರ ಚದುರಿದ ಕ್ರೈಸ್ತರನ್ನು ಒಗ್ಗೂಡಿಸಲು ಬಂದ ಆ ಫ್ರೆಂಚ್ ಗುರುಗಳು 1823ರವರೆಗೆ ಈ ದೇಶದಲ್ಲಿದ್ದರು.

ಆದರೆ ಕೋಟೆಯನ್ನು ಕಾದು ಮಡಿದ ಮೈಸೂರಿನ ಸಾಮಾನ್ಯ ಸಿಪಾಯಿಗೆ ಹೆಸರಿನ ಕಲ್ಲೆಲ್ಲಿ? ಗೋಡೆ ಒಡೆದ ಸ್ಥಳದಲ್ಲಿ 1907ರಲ್ಲಿ ನಿಲ್ಲಿಸಿದ ಸ್ತಂಭವೂ ಗೆದ್ದವರದೇ.

ಧೋಂಡಿಯಾ 1800ರ ಸೆಪ್ಟೆಂಬರ್ 10ರಂದು ಆರ್ಥರ್ ವೆಲ್ಲೆಸ್ಲಿಯ ಸೇನೆಯೆದುರು ಮಡಿದನು. ಅನಾಥನಾದ ಆತನ ಪುಟ್ಟ ಮಗ ಸಲಾಬತ್ ಖಾನನನ್ನು ಅದೇ ವೆಲ್ಲೆಸ್ಲಿ ಸಾಕಿಸಿದನು. ದೇಶ ಬಿಡುವಾಗ ಅವನ ಪೋಷಣೆಗೆಂದು ಹಣವನ್ನೂ ಇಟ್ಟುಹೋದನು.